ಹೆಪ್ಪಿನ ಹಿಟ್ಟು

ಆ ಆಗಸ್ಟಿನ ರಾತ್ರಿ ಇಗರ್ಜಿಯ ಗಂಟೆ ಹೊಡೆದಾಗ
ಹಿಟ್ಟು ನಾದಿಟ್ಟು ಕೈ ತೊಳೆಯುತ್ತಿದ್ದೆ.
ಒಂದೇ ಕಾರು, ಹನ್ನೊಂದು ಮಂದಿ.
ಮಕ್ಕಳು, ಮಾತ್ರೆ, ಮನೆಯ ಕಾಗದಪತ್ರ,
ಬೀಗದ ಕೈ ಕೂಡ ನೆನಪಾಯಿತು.
ತಟ್ಟೆ ಮುಚ್ಚಿದ ಬೋಗುಣಿ ನೆನಪಾದದ್ದು
ನಿನೆವೆಯ ಬಯಲು ಹಿಂದೆ ಬಿದ್ದ ಮೇಲೆ,
ಮೂರನೇ ಚೆಕ್‌ಪೋಸ್ಟಿನ ಸಾಲಿನಲ್ಲಿ.

ಅತ್ತೆ ವರೀನಾಗೆ ಅವಳ ಅತ್ತೆ ಕೊಟ್ಟ ಹೆಪ್ಪು ಅದು.
ಆ ಮುದುಕಿ ಇನ್ಯಾವುದೋ ಕತ್ತಿಗೆ ಬೆದರಿ
ಬೆಟ್ಟ ಇಳಿದು ಓಡಿ ಬಂದಾಗ
ತಲೆವಸ್ತ್ರದ ತುದಿಗೆ ಗಂಟು ಕಟ್ಟಿ ತಂದದ್ದು.
‘ದಿನಾ ಒಂದು ಮುಷ್ಟಿ ಎತ್ತಿಡು,
ನಾಳೆ ಎನ್ನುವುದು ಅದರಲ್ಲೇ ಇದೆ’ ಅನ್ನುತ್ತಿದ್ದಳು ಅತ್ತೆ.
ನೂರು ವರ್ಷ ಕೆಡದ್ದು ನನ್ನ ಕೈಯಲ್ಲಿ ಕೆಟ್ಟಿತು.

ಪಾದ್ರಿ ಶಿಮೂನ್ ಮರೆಯಲಿಲ್ಲ.
ಬಲಿಪೀಠದ ಹುಳಿಹಿಟ್ಟು,
ಮಲ್ಕಾ, ಅಂದರೆ ರಾಜ, ಎಂದು ಅದಕ್ಕೆ ಹೆಸರು,
ಅಂಗಿಯೊಳಗೆ ಕಟ್ಟಿಕೊಂಡರು.
ಬೆವರು ತಾಗಿ ಹಾಳಾದೀತೆಂದು
ದಾರಿಯುದ್ದಕ್ಕೂ ಹೊಟ್ಟೆ ಒಳಗೆಳೆದುಕೊಂಡೇ ನಡೆದರಂತೆ.
ಡೇರೆಯಲ್ಲಿ, ಆಮೇಲೆ ತಗಡಿನ ಡಬ್ಬಿಮನೆಯ ಸಾಲಿನಲ್ಲಿ
ಆ ಹೆಪ್ಪಿನ ರೊಟ್ಟಿಯೇ ನಮ್ಮ ನಾಲಿಗೆಗೆ ಬಂತು.
ತಪ್ಪು ತಿಳಿಯಬೇಡ, ಕರ್ತನೇ,
ನಿನ್ನ ಶರೀರ ನುಂಗುವಾಗಲೂ ನನಗೆ
ನನ್ನ ಅಡುಗೆಮನೆಯ ಹುಳಿಯೇ ನೆನಪಾಗುತ್ತಿತ್ತು.

ಮೂರು ವರ್ಷಕ್ಕೆ ಹಿಂತಿರುಗಿದೆವು.
ಗಂಡ ಬರಲಿಲ್ಲ, ಡಬ್ಬಿಮನೆಗಳ ಹಿಂದಿನ ಮಣ್ಣಿನಲ್ಲಿ ಉಳಿದ.
ಮನೆಗೆ ಗೋಡೆ ಇತ್ತು, ಮಸಿ ಹಿಡಿದು.
ಬಾಗಿಲು ಇರಲಿಲ್ಲ.
ಕೈಯಲ್ಲಿ ಬೀಗದ ಕೈ.

ಕಂಬಳಿ ತೂಗುಹಾಕಿ ಮಲಗಿದ ನಾಲ್ಕನೇ ಬೆಳಿಗ್ಗೆ
ಅದರಾಚೆ ಯಾರೋ ಕೆಮ್ಮಿದರು.
ಕೆಳಗೇರಿಯ ಉಮ್ ಘಾನಿಮ್.
ಟೊಮೇಟೊ ಪೇಸ್ಟಿನ ಹಳೇ ಜಾಡಿ ಚಾಚಿದಳು.
‘ನೀವು ಹೋದ ಮಾರನೇ ದಿನ ನಿಮ್ಮ ಬೆಕ್ಕು ಕೂಗುತ್ತಿತ್ತು.
ಒಳಗೆ ಬಂದರೆ, ಹಿಟ್ಟು
ಬೋಗುಣಿ ಮೀರಿ ಉಕ್ಕಿ ನೆಲಕ್ಕೆ ಇಳಿದಿತ್ತು.
ಜೀವ ಇರುವುದನ್ನು ಹೇಗೆ ಬಿಡಲಿ?
ಬೆಕ್ಕು ಉಳಿಯಲಿಲ್ಲ.’

ಮುಚ್ಚಳ ತೆಗೆದೆ.
ಮೂಗಿಗೆ ಬಡಿಯಿತು ಅತ್ತೆಯ ಅಂಗೈ.
ಜಾಡಿ ತೆಗೆದುಕೊಂಡೆ. ಒಳ್ಳೆಯ ಮಾತೊಂದು ಆಡಲಿಲ್ಲ.

ನಮ್ಮ ಹಸಿರು ಬಾಗಿಲು ಅವಳ ಮನೆಗೇ ಕೂತಿದೆ.
ಕಿತ್ತವನು ಅವಳ ಮೈದುನ.
ಮೇಲಿನ ಹಲಗೆಯ ಶಿಲುಬೆಯನ್ನು
ಚಾಕುವಿನಿಂದ ಕೆರೆದಿದ್ದಾರೆ,
ಕೆರೆದ ಗುರುತೇ ಈಗ ಶಿಲುಬೆಯ ಆಕಾರ.

ಮಲಗುವ ಮುಂಚೆ ನೀನು ಕಲಿಸಿದ್ದನ್ನು ಹೇಳುತ್ತೇನೆ.
ರೊಟ್ಟಿಯ ಸಾಲು ಸಲೀಸು.
ಸಾಲದ ಸಾಲು ಬಂತೆಂದರೆ ಗಂಟಲು ಕಟ್ಟುತ್ತದೆ.
ಲೆಕ್ಕಕ್ಕೆ ಕೂರುತ್ತೇನೆ:
ಬಾಗಿಲು ಒಂದು, ಹೊಲಿಗೆಯಂತ್ರ ಒಂದು,
ಮೂರು ವರ್ಷ, ದಿನಕ್ಕೊಂದು ಮುಷ್ಟಿ ಹಿಟ್ಟು,
ಇದನ್ನು ಯಾರ ಹೆಸರಿಗೆ ಬರೆಯಲಿ?
ಅದೂ ಗೋಧಿಯೇ ಸಿಗದ ಮೂರು ವರ್ಷ.

ಚಳಿಗಾಲದ ಮೂರು ದಿನದ ಉಪವಾಸ ಬಂತು.
ಮೀನಿನ ಹೊಟ್ಟೆಯಿಂದ ಬಂದವನ ಕತೆ ಓದಿದರು.
ಈ ಸೀಮೆಯನ್ನು ನೀನು ಉಳಿಸಿದೆಯೆಂದು
ಮುನಿಸಿಕೊಂಡು, ಊರಾಚೆ ಸೋರೆಬಳ್ಳಿಯ ನೆರಳಲ್ಲಿ
ಮುಖ ಊದಿಸಿ ಕುಳಿತವನು.
ಕ್ಷಮೆ ಸಿಕ್ಕ ಊರಿನ ಮೊಮ್ಮಕ್ಕಳು ನಾವು ಎಂದು
ಚಿಕ್ಕಂದಿನಿಂದ ನಮಗೊಂದು ಬಡಿವಾರ.
ಈ ಸಲ, ಬೆಂಚಿನ ಮೇಲೆ ಕುಳಿತಿದ್ದ ಹಾಗೇ
ತಲೆಯ ಮೇಲೆ ಸೋರೆ ಎಲೆ ಆಡಿದಂತಾಯಿತು.

ನಾಲ್ಕನೇ ದಿನ ಸುಟ್ಟ ಮೊದಲ ರೊಟ್ಟಿಗಳಲ್ಲಿ
ಎರಡನ್ನು ಬಟ್ಟೆಯಲ್ಲಿ ಸುತ್ತಿ ಇಳಿದು ಹೋದೆ.
ಕ್ಷಮಿಸಿದೆ ಅಂತ ಬರೆದುಕೊಳ್ಳಬೇಡ, ಕರ್ತನೇ.
ರೊಟ್ಟಿ ಬಿಸಿಯಿತ್ತು, ಅಷ್ಟೇ.

ನನ್ನ ಬಾಗಿಲನ್ನು ನಾನೇ ತಟ್ಟಿದೆ.
ಒಳಗೆ ಚಪ್ಪಲಿಯ ಸದ್ದು.
ಎಣ್ಣೆ ಬಿಡು ಎಂದು
ಹನ್ನೆರಡು ವರ್ಷ ಗಂಡನಿಗೆ ಹೇಳಿ ಸೋತ ಆ ಕೀಲು
ಅದೇ ರಾಗದಲ್ಲಿ ಕಿರುಗುಟ್ಟಿತು.