ಅರ್ಜಿಯ ಒಂಬತ್ತನೇ ಕಲಂ

'ಈ ವಿಷಯವನ್ನೇ ಏಕೆ ಆಯ್ದುಕೊಂಡಿರಿ?'
ಕೆಳಗೆ ಆರು ಗೆರೆ ಜಾಗ.
ಮೊದಲ ಗೆರೆಯಲ್ಲಿ 'ಸಮಾಜ ಸೇವೆ' ಎಂದು ಬರೆದು
ಹೊಡೆದು ಹಾಕಿದ್ದೇನೆ. ಕ್ಷಮಿಸಿ.
ಸರಿಯಾದ ಬೆಳಕು ಬಿಟ್ಟರೆ
ಹೊಡೆದದ್ದರ ಕೆಳಗೂ ಅಕ್ಷರ ಕಾಣುತ್ತದಂತೆ.
ಅದನ್ನೇ ಕಲಿಸುತ್ತೀರಲ್ಲವೆ ನೀವು?

ನಮ್ಮದು ಬೈತಕೋಲ. ಅಮ್ಮ ಮೀನು ಮಾರುತ್ತಾಳೆ.
ಬಂಗಡೆಯ ಕಿವಿರು ಎತ್ತಿ, ಹೊಟ್ಟೆಗೆ ಹೆಬ್ಬೆರಳೊತ್ತಿ,
ಕುಳಿ ಮೇಲೇಳಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ
'ಇದು ನಿನ್ನೆ ಸಂಜೆಯದು, ಐಸಲ್ಲಿ ಮಲಗಿ ಬಂದದ್ದು' ಎನ್ನುತ್ತಾಳೆ.
ಬೋಟಿನವರು ನಗುತ್ತಾರೆ, ದರ ಇಳಿಸುತ್ತಾರೆ.
ಅವಳ ಮಾತಿಗೆ ಮೊಹರು ಬೇಕಿಲ್ಲ.

ಮೊಹರು ಬೇಕಾದದ್ದು ಆ ಶ್ರಾವಣದಲ್ಲಿ.
ಚಂದ್ರಹಾಸ ಚಿಕ್ಕಪ್ಪ ಏರಿದ ದೋಣಿ
ಕೂರ್ಮಗಡದಾಚೆ ಮಗುಚಿತು.
ಇಬ್ಬರು ಈಜಿ ಬಂದರು.
ಹತ್ತೊಂಬತ್ತನೇ ದಿನ ಮಾಜಾಳಿಯ ದಂಡೆಗೆ
ಒಂದು ಬಂತು.
ಹೇಗಿತ್ತೆಂದು ಬರೆಯುವುದಿಲ್ಲ. ಮುಖ ಇರಲಿಲ್ಲ, ಅಷ್ಟೆ.

ಅಂಗಿಯ ಹೆಗಲಿಗೆ ಹೊಲಿಗೆ ಇತ್ತು,
ಬಲೆ ಕಟ್ಟುವ ಹಸಿರು ನೈಲಾನಿನಲ್ಲಿ.
ಕೊನೆಗೊಂದು ಗಂಟು: ಎರಡು ಸುತ್ತು, ಒಂದು ಹಿಮ್ಮುಖ.
ಶೇವಂತಿ ಚಿಕ್ಕಮ್ಮ ಮುಟ್ಟಲಿಲ್ಲ.
ದೂರದಿಂದಲೇ 'ಅವರ ಗಂಟು' ಎಂದಳು.

ಫೌಜದಾರರು ಕೆಟ್ಟವರಲ್ಲ.
ಟೊಪ್ಪಿ ತೆಗೆದು ಕಂಕುಳಲ್ಲಿಟ್ಟು
'ತಂಗಿ, ಗಂಟು ಸಾಕ್ಷಿ ಆಗೂದಿಲ್ಲ' ಎಂದರು.
ಹಲ್ಲು, ಎಲುಬಿನ ಚೂರು ಲ್ಯಾಬಿಗೆ ಹೋಯಿತು.
ಡಬ್ಬಿಯ ಚೀಟಿ ಒದ್ದೆಯಾಗಿ ಅಂಕಿ ಅಳಿಸಿತ್ತಂತೆ.
ನಾಲ್ಕು ತಿಂಗಳ ಮೇಲೆ ಎರಡೇ ಪದದ ಷರಾ:
ಪರೀಕ್ಷೆಗೆ ಯೋಗ್ಯವಲ್ಲ.

ಒಂದು ದಾಖಲೆಯಲ್ಲಿ ಈಗ: ಅಪರಿಚಿತ ಗಂಡಸು, ಸುಮಾರು ನಲವತ್ತು.
ಇನ್ನೊಂದರಲ್ಲಿ: ಕಾಣೆ.
ಕಾಣೆಯಾದವನು ಸಾಯಲು ಏಳು ವರ್ಷ ಬೇಕಂತೆ.
ಅಲ್ಲಿಯತನಕ ಪರಿಹಾರವಿಲ್ಲ, ತಿಥಿಯಿಲ್ಲ.
ಚಿಕ್ಕಮ್ಮ ಬೆಳಿಗ್ಗೆ ಕುಂಕುಮದ ಡಬ್ಬಿ ತೆಗೆಯುತ್ತಾಳೆ,
ಮುಚ್ಚುತ್ತಾಳೆ. ಕೆಲವು ದಿನ ಇಟ್ಟುಕೊಳ್ಳುತ್ತಾಳೆ.
ಓಣಿಯವರಿಗೆ ಎರಡೂ ತಪ್ಪು.

ಕಾಲೇಜಿನ ಲೈಬ್ರರಿಯಲ್ಲಿ ಓದಿದೆ.
ಉಸಿರಿದ್ದಾಗಲೇ ಮುಳುಗಿದವನ ಎಲುಬಿನ ಮಜ್ಜೆಯಲ್ಲಿ
ಕಣ್ಣಿಗೆ ಕಾಣದ ಪಾಚಿ ಸಿಕ್ಕೀತು,
ಗಾಜಿನ ಚಿಪ್ಪಿನ ಡಯಾಟಮ್ಮು.
ಕಾಳಿಯ ಸಿಹಿನೀರಿನದೇ ಬೇರೆ, ಕಡಲಿನದೇ ಬೇರೆ.
ಸದಾಶಿವಗಡದ ಹತ್ತಿರ ಹೊಳೆಗೆ ಬಿದ್ದ
ಬೇರೆ ಯಾರೋ ಆಗಿದ್ದಿರಬಹುದು ಅವನು.
ಕೊನೆಯ ಗುಟುಕು ಯಾವ ನೀರೆಂದು
ಎಲುಬಿಗೆ ನೆನಪಿತ್ತು. ಕೇಳುವವರಿರಲಿಲ್ಲ.
ಆ ಪುಟ ಮೂರು ಸಲ ಓದಿ ಊಟಕ್ಕೆ ಹೋದೆ.

ಇನ್ನೊಂದು ಮಾತು, ಮನೆಯಲ್ಲಿ ಹೇಳಿಲ್ಲ.
ಆ ಗಂಟು ನಾನೂ ಹಾಕುತ್ತೇನೆ.
ಅರ್ಧ ಬೈತಕೋಲ ಹಾಕುತ್ತದೆ.
ಒಬ್ಬನೇ ಮುದುಕ ಎಲ್ಲರಿಗೂ ಕಲಿಸಿದ್ದು.
ಫೌಜದಾರರ ಮಾತು ಸರಿಯೇ ಇತ್ತು.
ಅದೇ ನನ್ನನ್ನು ತಿನ್ನುತ್ತಿರುವುದು.

ಸಂದರ್ಶನದಲ್ಲಿ ಕೇಳುತ್ತೀರಿ, ಹೆಣಕ್ಕೆ ಹೆದರುವುದಿಲ್ಲವೆ ಎಂದು.
ವಾಸನೆಗೆ ಇಲ್ಲ, ವಾಸನೆಯಲ್ಲೇ ಬೆಳೆದವಳು.
ಒದ್ದೆ ಚೀಟಿಗೆ ಹೆದರುತ್ತೇನೆ.

ಗೆರೆ ಮುಗಿದು ಅಂಚಿನಲ್ಲಿ ಬರೆಯುತ್ತಿದ್ದೇನೆ.
ಚಿಕ್ಕಮ್ಮನಿಗೆ 'ಹೌದು' ಎನ್ನಲಿಕ್ಕಲ್ಲ ಈ ಓದು.
'ಅಲ್ಲ' ಎಂದರೂ
ಅವಳು ನಂಬಿ ಬಾಗಿಲು ಹಾಕಿ ಮಲಗುವಂಥ
ಒಂದು 'ಅಲ್ಲ' ನನಗೆ ಬರಬೇಕು.

ಸಹಿ ಕೆಳಗಿದೆ.
ಮೂಲೆಯಲ್ಲಿರುವ ಹೆಬ್ಬೆರಳ ಗುರುತು ನನ್ನದಲ್ಲ.
ಶೆಟ್ಲಿ ಸುಲಿಯುತ್ತಿದ್ದ ಅಮ್ಮ
ಶುಲ್ಕ ಎಷ್ಟೆಂದು ನೋಡಲು ಹಿಡಿದಿದ್ದಳು.