ಕ್ಯಾಶಿಯರ್ ಮುಖದ ದೇವರು

ಜುಹುವಿನ ಆ ಓಣಿಯಲ್ಲಿ ಮತ್ತೆ ದೀಪ ಹಚ್ಚಿದ್ದಾರೆಂದು
ಸೊಸೆ ಫೋನಿನಲ್ಲಿ ಚಿತ್ರ ತೋರಿಸಿದಳು.
ಮೂವತ್ತೊಂದು ವರ್ಷ ಬೀಗ ಬಿದ್ದಿದ್ದ ಬಾರು, ಕೋರಲ್ ಲಗೂನ್.
ನಮ್ಮ ನಾಲಿಗೆಗೆ ಅದು ಲಗ್ನ.
ಎಲ್ಲಿ ಕೆಲಸ ಅಂದರೆ, ಲಗ್ನದಲ್ಲಿ.
ಕಾಗದ ಓದಿಸಿ ಕೇಳಿದ ಅಮ್ಮ ಎರಡು ದಿನ ಉಣ್ಣಲಿಲ್ಲವಂತೆ.

ಹದಿನಾಲ್ಕು ವರ್ಷ ಹಿಂಬಾಗಿಲಲ್ಲಿ ಹೊಕ್ಕವನಿಗೆ
ಮುಂಬಾಗಿಲು ಇದೇ ಮೊದಲು.
ಕಾಲು ತಾನಾಗಿ ಎಡಕ್ಕೆ, ಕಸದ ಡ್ರಮ್ಮುಗಳ ಕಡೆ ಹೊರಳಿತು.
"ಇಧರ್ ಸೇ, ಅಂಕಲ್" ಎಂದ ಕಾವಲಿನವ.

ಒಳಗೆ ಅದೇ ಕತ್ತಲು. ಕತ್ತಲೊಂದನ್ನು ರಿಪೇರಿ ಮಾಡಿಲ್ಲ.
ಮಾಡಿನ ಹುಲ್ಲು ಮಾತ್ರ ಬೆಂಕಿ ಹತ್ತದ ಪ್ಲಾಸ್ಟಿಕ್ಕಂತೆ.
ನಮ್ಮದು ವಸಾಯಿಯ ಮಡಲು, ಮಳೆಗಾಲವಿಡೀ ಬೂಷ್ಟು.
ಹಲ್ಲಿಯೊಂದು ಲೋಟಕ್ಕೆ ಬಿದ್ದ ರಾತ್ರಿ
ಅದು ದ್ವೀಪದ ಶಕುನವೆಂದು ಮೇನೇಜರು
ಗಿರಾಕಿಯಿಂದ ಇನ್ನೊಂದು ಲೋಟ ತರಿಸಿಕೊಂಡಿದ್ದರು.

ಮತ್ತೆ, ಮೂಲೆಯಲ್ಲಿ, ಅವನು.
ಆರಡಿ ಮರ. ಉಬ್ಬುಗಣ್ಣು, ಜೋತ ಕೆಳದುಟಿ,
ಮೂಗಿನ ಹೊಳ್ಳೆ ಎರಡು ಕೌಳಿಗೆಯ ಹಾಗೆ.
ಎಣ್ಣೆ ಹಚ್ಚಿ ನಿಲ್ಲಿಸಿದ್ದಾರೆ.
"ಪೆಸಿಫಿಕ್ ದ್ವೀಪದವರ ಮೂಲಪುರುಷ, ಸರ್,
ಬಹಳ ಅಪರೂಪದ ಶೈಲಿ" ಎಂದಳು ಮೇಜು ತೋರಿಸುವ ಹುಡುಗಿ.
ಹೌದಾ ಎಂದೆ.

ನಾನು ಸೇರಿದ ವರ್ಷ. ಮಾಲೀಕ ಭರೂಚಾ ಸೇಠ್
ಅಮೆರಿಕದಿಂದ ತಂದ ಪೋಸ್ಟ್‌ಕಾರ್ಡು ಒಂದನ್ನು
ಬಾಗಿಲು ಜೋಡಿಸಲು ಬಂದ ಕಾಂತಪ್ಪಾಚಾರಿಗೆ ಕೊಟ್ಟು
ಇಂಥದು ಬೇಕು ಅಂದ.
ಕಾರ್ಡಿನಲ್ಲಿ ಹುಬ್ಬಿನ ತನಕ ದೇವರು, ಕೆಳಗೆಲ್ಲ ತಾಳೆಗರಿ.
ಉಳಿದ ಮುಖ ಆಚಾರಿಯೇ ಹುಡುಕಬೇಕು.
ಹುಡುಕಲು ದೂರ ಹೋಗಲಿಲ್ಲ ಪುಣ್ಯಾತ್ಮ.
ಮುಂಗಡ ಕೇಳಿದಾಗಲೆಲ್ಲ "ಸೋಮವಾರ ಬಾ" ಎನ್ನುತ್ತಿದ್ದ
ಕ್ಯಾಶಿಯರ್ ಕೊಗ್ಗಪ್ಪಯ್ಯ ಎದುರಿಗೇ ಕೂತಿದ್ದ.

ಬಟ್ಟೆ ಸರಿಸಿದ ದಿನ ಅಡುಗೆಮನೆಗೆ ಓಡಿ ನಕ್ಕೆವು,
ಬಾಯಿಗೆ ಟವೆಲು ತುರುಕಿಕೊಂಡು.
ಗುರುತು ಹತ್ತದವನು ಅವನೊಬ್ಬನೇ.
ದಿನಾ ಬೆಳಗ್ಗೆ ಊದುಬತ್ತಿ ಬೆಳಗಿ, ಕಣ್ಣು ಮುಚ್ಚಿ,
ತನಗೇ ಕೈಮುಗಿದು ಗಲ್ಲಾಪೆಟ್ಟಿಗೆ ತೆರೆಯುತ್ತಿದ್ದ.

ಸೊಸೆಗೆ ಅನಾನಸಿನೊಳಗೆ ರಮ್ಮು ಬಂತು, ಮೇಲೊಂದು ಕಾಗದದ ಕೊಡೆ.
ನನಗೆ ಬರೀ ರಸ.
ತಂದವನ ಎದೆಯ ಮೇಲೆ ಹೆಸರು, ಪ್ರೊಣಬ್.
ಊರು ಧೇಮಾಜಿಯಂತೆ, ಬಂದು ಎಂಟು ತಿಂಗಳು.
ಬೆರಳ ತುದಿ ನೋಡಿದೆ. ಬಿಳಿಚಿ, ಸುಲಿದು,
ಉಗುರಿನ ಸಂದಿ ಕೆಂಪು.
ದಿನಕ್ಕೆಷ್ಟು ಕೊರೆಯುತ್ತೀಯ? ಅರುವತ್ತು, ಎಂದ.
ನಾನು ನಲುವತ್ತು ಕೊರೆದು ಫೋರ್ಟಿನ ರಾತ್ರಿಶಾಲೆಗೆ ಓಡುತ್ತಿದ್ದೆ.
ಪೆನ್ನು ಹಿಡಿದರೆ ಉರಿ.
ಒತ್ತಕ್ಷರ ಬಿಟ್ಟು ಬರೆದೆನೆಂದು ಮೇಷ್ಟ್ರು
ಅದೇ ಬೆರಳಿಗೆ ರೂಲುಕಟ್ಟಿಯಲ್ಲಿ ಕೊಟ್ಟರು.
ಉಪ್ಪುನೀರಿನಲ್ಲಿ ಅದ್ದಬೇಡ, ಕೊಬ್ಬರಿ ಎಣ್ಣೆ ಹಚ್ಚು ಎಂದೆ.
ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದ.

ಬಿಲ್ಲು ಸೊಸೆ ಕೊಟ್ಟಳು. ನನ್ನ ಆಗಿನ ಎರಡು ವರ್ಷದ ಪಗಾರ.
ಅವಳು ಟ್ಯಾಕ್ಸಿ ಕರೆಯುವಷ್ಟರಲ್ಲಿ ಮೂಲೆಗೆ ಹೋದೆ.

ಇದೊಂದು ಆ ಹುಡುಗಿಗೂ ಗೊತ್ತಿರಲಿಕ್ಕಿಲ್ಲ.
ಮರದ ತಿರುಳು ಕುಂಬಾಗಿತ್ತು. ಆಚಾರಿ ಅದನ್ನು ಕೆತ್ತಿ ತೆಗೆದು
ನಾಲಿಗೆಯ ಹಿಂದೊಂದು ಪೊಟರೆ ಬಿಟ್ಟಿದ್ದ.
ಟಿಪ್ಪೆಲ್ಲ ಗಲ್ಲೆಗೆ ಸೇರಬೇಕು ಎಂಬುದು ಕೊಗ್ಗಪ್ಪಯ್ಯನ ಕಾನೂನು.
ನಾವು ಅವನ ಬಾಯಲ್ಲೇ ಬಚ್ಚಿಡುತ್ತಿದ್ದೆವು.

ನೂರರ ನೋಟು ನಾಲ್ಕು ಮಡಿಕೆ ಮಾಡಿ ಬೆರಳು ತೂರಿಸಿದೆ.
ಒಳಗೆ ಆಗಲೇ ಏನೋ ಕಾಗದ.
ಮಡಚಿದ್ದು, ಒಂದಲ್ಲ, ಮೂರು ನಾಲ್ಕು,
ಅನಾನಸಿನ ಅಂಟು.

ತಿರುಗಿದರೆ ಟ್ರೇ ಹಿಡಿದು ಪ್ರೊಣಬ್,
ಉಸಿರು ಬಿಗಿಹಿಡಿದು.
ಕೈ ಹೊರಗೆಳೆದು, ಐದೂ ಬೆರಳು ಬಿಡಿಸಿ
ಖಾಲಿ ಅಂಗೈ ತೋರಿಸಿದೆ.