ಎರಡಡಿ

ಈ ದೋಣಿ ಕಡಲಿಗೆಂದು ಹುಟ್ಟಿದ್ದಲ್ಲ.
ಎಲ್ಲೋ ನೆರೆ ಬಂದಾಗ ಜನರನ್ನು ದಾಟಿಸಿ,
ಗೋದಾಮಿನ ಹಿಂದೆ ಮೂರು ವರ್ಷ ಕವುಚಿ ಮಲಗಿ,
ಹರಾಜಿನಲ್ಲಿ ಬೂದ ಮೆಂಡನ್ನರ ಪಾಲಿಗೆ ಬಂದ
ಅಲ್ಯೂಮಿನಿಯಂ ತಗಡು.
ಮಲ್ಪೆಯ ಹುಡುಗರು ಇಡ್ಲಿ ಪಾತ್ರೆ ಎಂದು ಹೆಸರಿಟ್ಟರು.
ಮೀನು ಸಿಕ್ಕಿದರೆ ಅದರಲ್ಲೇ ಬೇಯಿಸಿಕೊಂಡು ಬನ್ನಿ, ಅಣ್ಣೆರೆ.

ಹಿಂಬದಿಯ ನಡುವೆ ಒಂದು ಕಚ್ಚು,
ಬಾಗಿಲಿಲ್ಲದ ಮನೆಯ ಹೊಸ್ತಿಲಿನಷ್ಟು ತಗ್ಗು.
ಅಲ್ಲಿ ಮೋಟರು ಕೂರುತ್ತದೆ.
ಅಲ್ಲಿಂದಲೇ ಕಡಲೂ ಒಳಬರುತ್ತದೆ.
ಸೆಪ್ಟೆಂಬರಿನಲ್ಲಿ ಅಳಿವೆ ದಾಟುವಾಗ
ಬೆನ್ನಿಗೆ ಎದ್ದ ಒಂದೇ ತೆರೆ
ಎರಡು ಬುಟ್ಟಿ ಬೂತಾಯಿ, ಬುತ್ತಿ, ಒಂದು ಚಪ್ಪಲಿ
ಎತ್ತಿಕೊಂಡು ಹೋಯಿತು.
ಜೀವ ಇಟ್ಟು ಹೋಯಿತಲ್ಲ, ಎಂದರು ಬೂದಣ್ಣ,
ಉಳಿದ ಒಂದು ಚಪ್ಪಲಿಯಲ್ಲೇ ನನ್ನ ಅಂಗಡಿ ಹೊಕ್ಕು.

ನನ್ನದು ಗೇಟು, ಕಿಟಕಿ ಸರಳು,
ಹೋಟೆಲಿನ ಸಿಂಕು ಬೆಸೆಯುವ ಅಂಗಡಿ.
ಅಪ್ಪ ಇಜ್ಞಾಸ್ ಲೋಬೊ ಕಲಿಸಿದ್ದು ಕಬ್ಬಿಣ.
ಕಬ್ಬಿಣ ಮಾತಾಡುತ್ತದೆ: ಕೆಂಪಾಗಿ, ಕಿತ್ತಳೆಯಾಗಿ,
ಸಾಕು ಮಗಳೇ ಅನ್ನುತ್ತದೆ.
ಅಲ್ಯೂಮಿನಿಯಂ ಹಾಗಲ್ಲ.
ಬಣ್ಣ ಬದಲಿಸದೆ, ಮುಖ ಸಿಂಡರಿಸದೆ,
ಕೊನೆಯ ಕ್ಷಣದವರೆಗೂ ಬೆಳ್ಳಗೇ ನಿಂತು
ತಟ್ಟನೆ ಕೈಬಿಡುತ್ತದೆ. ನೋಡಿದರೆ ತೂತು.
ನಮ್ಮ ಮನೆಯಲ್ಲೂ ಅಂಥವರು ಒಬ್ಬರಿದ್ದರು.
ಆ ಮಾತು ಈಗ ಬೇಡ.

ಕಾಗದದ ಮೇಲೆ ಎಲ್ಲ ಸಲೀಸು.
ಕಚ್ಚನ್ನು ಐದು ಮಿಲಿಮೀಟರಿನ ಹಾಳೆಯಿಂದ ಮುಚ್ಚು,
ಹಿಂದಕ್ಕೆ ಎರಡಡಿ ಚಾಚಿದ ಗಾಳಿಪೆಟ್ಟಿಗೆ ಕಟ್ಟು,
ಅದರ ತುದಿಗೆ ಮೋಟರು ತೂಗುಹಾಕು,
ತೊಟ್ಟಿಲನ್ನು ಜಗಲಿಯಾಚೆಯ ಮರಕ್ಕೆ ಕಟ್ಟಿದ ಹಾಗೆ.

ಬ್ರಶ್ಶಿನಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ,
ಫ್ಯಾನು ನಿಲ್ಲಿಸಿ, ಶಟರು ಅರ್ಧ ಇಳಿಸಿ
(ಆರ್ಗಾನ್ ಹಾರಿಹೋಗುತ್ತದೆ,
ಕಡಲಗಾಳಿಗೂ ಒಳಬರಲು ಅಪ್ಪಣೆಯಿಲ್ಲ)
ಅಕ್ಟೋಬರಿನ ಸೆಕೆಯಲ್ಲಿ ಬೆಸುಗೆಯ ಸಾಲು ಹಾಕಿದೆ,
ನಾಣ್ಯಗಳನ್ನು ಒಂದರ ಮೇಲೊಂದು ಸರಿಸಿಟ್ಟಂತೆ.
ಹೊರಗೆ ಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ಸುರಿದು
ರಾತ್ರಿಯಿಡೀ ಬಿಟ್ಟೆ.
ಬೆಳಿಗ್ಗೆ ಎಡಮೂಲೆಯಲ್ಲಿ
ಹಣೆಬೊಟ್ಟಿನಷ್ಟು ಒದ್ದೆ ಕಲೆ.
ತೊಳೆದೆ, ಕೆರೆದೆ, ಮತ್ತೆ ಬೆಸೆದೆ.

ಬೂದಣ್ಣ ಬೆಸುಗೆ ನೋಡಲಿಲ್ಲ.
ಆ ಎರಡಡಿಯನ್ನು ಗೇಣಿನಲ್ಲಿ ಅಳೆದರು.
"ಬಾಯಮ್ಮ, ಇನ್ನು ಅದಕ್ಕೆ ಜ್ವರ ಬಂದರೆ
ನನಗೆ ಹೇಗೆ ಗೊತ್ತಾಗಬೇಕು?"
ದೋಣಿ ಹೊಸತು, ಮೋಟರು ಅವರ ಹಳೆಯದು.
ಹದಿನೆಂಟು ವರ್ಷ ಅದರ ನೆತ್ತಿಯ ಮೇಲೆ
ಎಡಗೈ ಇಟ್ಟೇ ಕಡಲಿಗೆ ಹೋದವರು.
ಎಣ್ಣೆ ಮುಗಿದದ್ದು, ಬಲೆ ಸುತ್ತಿದ್ದು, ನೀರು ಸೇರಿದ್ದು
ಎಲ್ಲ ಅಂಗೈಯಲ್ಲೇ ಓದಿದವರು.
ಸ್ಟೇರಿಂಗು ಇದೆಯಲ್ಲ, ಕೇಬಲ್ಲು ಇದೆಯಲ್ಲ, ಅಂದೆ.
"ಇದೆ," ಅಂದರು. "ಇದೆ ಮಾರಾಯ್ತಿ."

ಭಾರ ಹಿಂದೆ ಸರಿದು ಮೂಗು ಮೇಲೆದ್ದಿತು.
ಬ್ಯಾಟರಿ ಮುಂದಿಟ್ಟೆವು, ಕ್ಯಾನು ಮುಂದಿಟ್ಟೆವು, ಲಂಗರು ಮುಂದಿಟ್ಟೆವು.
ಸಾಲದೆ ಅವರ ಮೈದುನ ಕುಟ್ಟಿಯನ್ನೂ ಮುಂದೆ ಕೂರಿಸಿ
(ತೊಂಬತ್ತಾರು ಕಿಲೋ,
ಉಪಯೋಗಕ್ಕೆ ಬಂದದ್ದು ಅದೇ ಮೊದಲು)
ನೀರಿಗಿಳಿಸಿದೆವು.

ಅಳಿವೆಯಲ್ಲಿ ಅದೇ ಜಾಗ, ಅಂಥದೇ ತೆರೆ.
ಏಳುವುದನ್ನು ನಾನೂ ನೋಡಿದೆ.
ಹಾಳೆಗೆ ಬಡಿದು ಢಂ ಎಂದಿತು,
ಮುಚ್ಚಿದ ಕದಕ್ಕೆ ಸಾಲ ಕೊಟ್ಟವ ಗುದ್ದಿದ ಹಾಗೆ,
ಆಮೇಲೆ ಎರಡು ಬದಿಗೆ ಹರಿದುಹೋಯಿತು.
ಕುಟ್ಟಿ ಕೂಗಿದ. ನನ್ನ ಬಾಯೆಲ್ಲ ಉಪ್ಪು.
ಬೂದಣ್ಣನ ಎಡಗೈ ತಾನಾಗಿ ಹಿಂದೆ ಹೋಗಿ
ಗಾಳಿಯನ್ನು ಮುಟ್ಟಿತು.
ಸ್ವಲ್ಪ ಹೊತ್ತು ಅಲ್ಲೇ ಇತ್ತು.
ಕಿವಿ ವಾಲಿಸಿದರು.
"ದೂರದಿಂದ ಬೇರೆ ಥರ ಕೇಳುತ್ತದೆ," ಎಂದರು, ಯಾರಿಗೋ.

ದುಡ್ಡು ಮೂರು ಕಂತು. ಎರಡು ಬಂದಿದೆ.
ಮೂರನೆಯದರ ಬದಲು ನಿನ್ನೆ ಒಂದು ಚೀಲ ಬಂಗುಡೆ.
ಕಚ್ಚಿನ ಹಳೆಯ ಹಲಗೆ,
ಮೋಟರಿನ ಹಿಡಿ ಕಚ್ಚಿ ಎರಡು ಉರುಟು ಗುಳಿ ಬಿದ್ದದ್ದು,
ನಾನು ಒಲೆಗೆಂದು ಎತ್ತಿಟ್ಟಿದ್ದೆ.
ಬೇಡ ಬೇಡ ಅಂತ ಹೊತ್ತುಕೊಂಡು ಹೋದರು.
ಈಗ ಸೇಸಮ್ಮ ಅದರ ಮೇಲೆ ಮೀನು ಕೊಯ್ಯುತ್ತಾರೆ.
ಗುಳಿಯಲ್ಲಿ ಉಪ್ಪು ಇಡಲು ಅನುಕೂಲವಂತೆ.